ಮಿಶ್ರಶಿಬಿರ ಮೀಮಾಂಸೆ: ಒಕಾಜಾಕಿ ಅಧಿಕರಣ

ಶಾಸ್ತ್ರಕ್ಕೆ ವಿಷಯ ಬೇಕು, ವಿಷಯಕ್ಕೆ ಸಂಶಯ ಬೇಕು, ಸಂಶಯಕ್ಕೆ ಪೂರ್ವಪಕ್ಷ ಬೇಕು. ಇಲ್ಲಿ ವಿಷಯ, ಹುಡುಗ ಹುಡುಗಿಯರನ್ನು ಒಟ್ಟಿಗೆ ಕಾಡಿಗೆ ಕರೆದೊಯ್ದು ಶಿಬಿರ ಹೂಡುವುದು. ಸಂಶಯ, ಅವರನ್ನು ಕಾಯುವವರು ಯಾರು, ಎಷ್ಟು ಮಂದಿ, ಎಲ್ಲಿ ಮಲಗಬೇಕು ಎಂಬುದು. ಪೂರ್ವಪಕ್ಷ ಎಂದಿನಂತೆ ತಂದೆತಾಯಿಯರದು: ‘ಕಳಿಸೋದೇ ಬೇಡ.’ ಈ ವಾದವನ್ನು ಖಂಡಿಸಬಲ್ಲ ಪಂಡಿತ ಇನ್ನೂ ಹುಟ್ಟಿಲ್ಲ. ಆದರೂ ಶಿಬಿರಗಳು ನಡೆಯುತ್ತಲೇ ಇರುವುದರಿಂದ ಪ್ರಬಂಧವನ್ನು ಮುಂದುವರಿಸದೆ ವಿಧಿಯಿಲ್ಲ.

ಉದಾಹರಣೆಗೆ ಜಪಾನಿನ ಐಚಿ ಪ್ರಾಂತ್ಯದ ಒಕಾಜಾಕಿಯನ್ನು ಆರಿಸಿದ್ದೇವೆ. ಟೊಯೋಟಾ ನಗರದ ನೆರೆಯೂರಾದ್ದರಿಂದ ಬಿಡದಿ ಕಡೆಯವರಿಗೆ ದಿಕ್ಕು ತೋರಿಸಬೇಕಾಗಿಲ್ಲ. 2006ರಲ್ಲಿ ನುಕತಾ ಪಟ್ಟಣ ಸೇರಿಕೊಂಡ ಮೇಲೆ ಊರಿನ ಪಾಲಿಗೆ ಗುಡ್ಡ, ಕಾಡು, ಕುರಗಾರಿ ಕಣಿವೆಯ ತೊರೆ ಎಲ್ಲವೂ ಬಂದವು. ಮಕ್ಕಳ ಶಿಬಿರಕ್ಕೆಂದೇ ನಗರಾಡಳಿತದ ನಿಸರ್ಗ ನಿವಾಸವೊಂದಿದೆ. ಆದರೆ ನಾವು ಈ ಊರನ್ನು ಆರಿಸಿದ್ದು ಇದಕ್ಕಲ್ಲ, ಇತಿಹಾಸಕ್ಕೆ.

ಒಕಾಜಾಕಿ ಕೋಟೆಯಲ್ಲಿ 1543ರಲ್ಲಿ ಹುಟ್ಟಿದ ಟೊಕುಗಾವಾ ಇಯೆಯಾಸುವನ್ನು ಎಳೆಯ ವಯಸ್ಸಿನಲ್ಲೇ ಇಮಾಗಾವಾ ಮನೆತನಕ್ಕೆ ಒತ್ತೆಯಾಳಾಗಿ ಕಳಿಸಲಾಯಿತು. ಪರಂಪರೆಯ ಕಥನದ ಪ್ರಕಾರ, ದಾರಿಯಲ್ಲಿ ಬೆಂಗಾವಲಿನವನೇ ಬಾಲಕನನ್ನು ಶತ್ರುಗಳಾದ ಓಡಾ ಕಡೆಯವರಿಗೆ ಒಪ್ಪಿಸಿಬಿಟ್ಟ. ಹುಡುಗ ಊರಿಗೆ ಒಡೆಯನಾಗಿ ಮರಳಿದ್ದು 1560ರಲ್ಲಿ. ಹಿರಿಯರ ಮೇಲ್ವಿಚಾರಣೆ ಇಷ್ಟು ಕೆಟ್ಟ ಶಿಬಿರ ಇನ್ನೊಂದಿಲ್ಲ. ಶಿಬಿರಾರ್ಥಿ ಮಾತ್ರ 1603ರಲ್ಲಿ ಇಡೀ ದೇಶಕ್ಕೆ ಶೋಗುನ್ ಆದ. ಇದರಿಂದ ‘ಕಾವಲು ಕೆಟ್ಟಷ್ಟೂ ಮಗು ಉದ್ಧಾರ’ ಎಂಬ ಸೂತ್ರವನ್ನು ಹೊರಡಿಸಬಹುದಿತ್ತು. ಪೋಷಕರ ಸಭೆಯಲ್ಲಿ ನಿಲ್ಲುವುದಿಲ್ಲವಾಗಿ ಕೈಬಿಟ್ಟಿದ್ದೇವೆ.

ಟೊಕುಗಾವಾ ಮನೆತನವಂತೂ ಮುಂದೆ ಯಾವ ಬೆಂಗಾವಲನ್ನೂ ನಂಬಲಿಲ್ಲ. ತೊಕೈದೊ ಹೆದ್ದಾರಿಯ ಹಕೊನೆ ಠಾಣೆಯಲ್ಲಿ ಹೊರಹೋಗುವ ಹೆಂಗಸರನ್ನು ತಡೆದು ನೋಡುತ್ತಿದ್ದರು. ಹೆಂಗಸರನ್ನು ತಪಾಸಣೆ ಮಾಡಲು ಹೆಂಗಸರನ್ನೇ ನೇಮಿಸಿದ್ದರು. ಇಲ್ಲಿಗೆ ನಮ್ಮ ಎನ್‌ಎಸ್‌ಎಸ್ ಶಿಬಿರದ ಮೂಲ ಸಿಕ್ಕಿದಂತಾಯಿತು. 1969ರಲ್ಲಿ ಶುರುವಾದ ಈ ಯೋಜನೆಯ ಏಳು ದಿನದ ವಿಶೇಷ ಶಿಬಿರಕ್ಕೆ ಹಳ್ಳಿ ಸಿಗುತ್ತದೆ, ಅಕ್ಕಿ ಸಿಗುತ್ತದೆ, ಸಮಾರೋಪಕ್ಕೆ ಶಾಸಕರೂ ಸಿಗುತ್ತಾರೆ. ಸಿಗದಿರುವುದು ರಾತ್ರಿ ಉಳಿಯುವ ಮೇಡಂ. ಮನೆಯಿಂದ ಬರುವ ಮೊದಲ ಫೋನೇ ‘ಸರ್, ಮೇಡಂ ಇರ್ತಾರಾ?’ ಎಂದು. ಹುಡುಗಿಯರು ಶಾಲೆಯ ಕೊಠಡಿಯಲ್ಲಿ, ಹುಡುಗರು ಸಮುದಾಯ ಭವನದಲ್ಲಿ, ಮೇಡಂ ಕೊಠಡಿಯ ಬಾಗಿಲಿಗೆ ಅಡ್ಡಲಾಗಿ, ಕಾರ್ಯಕ್ರಮಾಧಿಕಾರಿ ಜಗಲಿಯಲ್ಲಿ ಸೊಳ್ಳೆಯೊಂದಿಗೆ. ಮೂಡುಬಿದಿರೆಯಲ್ಲಿ 2022ರ ಡಿಸೆಂಬರಿನಲ್ಲಿ ನಡೆದ ಜಾಂಬೂರಿಯಂಥ ಭಾರೀ ಮೇಳಕ್ಕೂ ಈ ಹಂಚಿಕೆಯೇ ಬುನಾದಿ: ಸ್ಕೌಟುಗಳಿಗೊಬ್ಬ ಮಾಸ್ಟರು, ಗೈಡುಗಳಿಗೊಬ್ಬಳು ಕ್ಯಾಪ್ಟನ್ನು.

ಜಪಾನಿನವರು ಇಷ್ಟಕ್ಕೆ ತೃಪ್ತರಾಗುವವರಲ್ಲ. ಅಲ್ಲಿ ಪ್ರಾಥಮಿಕ ಶಾಲೆಯ ಮೇಲಿನ ತರಗತಿಯ ಮಕ್ಕಳು ಮೇಷ್ಟ್ರುಗಳೊಂದಿಗೆ ಬೆಟ್ಟಕ್ಕೆ ಹೋಗಿ ತಂಗುವುದು ವಾಡಿಕೆ. ಗುಂಪಿನಲ್ಲಿ ಆರು ಮಕ್ಕಳಿದ್ದರೆ ಒಬ್ಬ ನಾಯಕ, ಒಬ್ಬಳು ಉಪನಾಯಕಿ, ಒಬ್ಬನಿಗೆ ಅಡುಗೆ ಖಾತೆ, ಒಬ್ಬಳಿಗೆ ಆರೋಗ್ಯ, ಒಬ್ಬನಿಗೆ ಮನರಂಜನೆ, ಇನ್ನೊಬ್ಬಳಿಗೆ ಸಾಮಾನು ಸರಂಜಾಮು. ಎಲ್ಲರೂ ಮಂತ್ರಿಗಳೇ, ಪ್ರಜೆಗಳಿಲ್ಲದ್ದರಿಂದ ದಂಗೆಯ ಭಯವಿಲ್ಲ. ಖಾತೆ ಹಂಚಿಕೆಯ ಈ ತಂತ್ರ ವಿಧಾನಸೌಧಕ್ಕೆ ಹೊಸದೇನಲ್ಲ, ಆದರೆ ಅಲ್ಲಿ ಅಕ್ಕಿ ತೊಳೆಯಲು ಯಾರೂ ಸಿಗುವುದಿಲ್ಲ.

ಅಡುಗೆ ಎಂದರೆ ಅನ್ನ ಮತ್ತು ಕರಿ. ಹುರುಳಿಬೀಜದ ಆಕಾರದ ಅಲ್ಯೂಮಿನಿಯಂ ಡಬ್ಬಿಯನ್ನು ಸೌದೆ ಉರಿಯ ಮೇಲೆ ತೂಗುಹಾಕಿ ಅನ್ನ ಮಾಡುತ್ತಾರೆ. ಮುಚ್ಚಳ ತೆಗೆಯುವಂತಿಲ್ಲ. ಕೋಲು ತಾಗಿಸಿ ಒಳಗಿನ ಕುದಿತದ ನಡುಕ ಕೈಗೆ ತಿಳಿಯುತ್ತದೆಯೇ ಎಂದು ನೋಡಬೇಕು. ನಡುಕ ನಿಂತರೆ ಬೆಂದಿದೆ ಎಂದರ್ಥ, ಅಥವಾ ಸೀದಿದೆ. ಮೇಲ್ವಿಚಾರಕರು ಮಾತನಾಡದೆ ನಿಂತು ನೋಡತಕ್ಕದ್ದು. ಶಿಬಿರದಲ್ಲಿ ದೊಡ್ಡವರಿಗೆ ಅತ್ಯಂತ ಕಷ್ಟದ ಕೆಲಸ ಇದೇ ಎಂದು ನಮ್ಮ ಮತ.

ಇನ್ನು ಮುಖ್ಯ ತೊಡಕು. ಜಪಾನಿನ 1947ರ ಶಿಕ್ಷಣ ಮೂಲ ಕಾಯ್ದೆಯ 5ನೇ ಕಲಂ ಗಂಡು ಹೆಣ್ಣಿನ ಸಹಶಿಕ್ಷಣವನ್ನು ಮಾನ್ಯ ಮಾಡಿತು. ಅದಕ್ಕೂ ಮೊದಲೇ, 1946ರಲ್ಲಿ, ನಾಗಸಾಕಿಯಲ್ಲಿದ್ದ ವಿನ್‌ಫೀಲ್ಡ್ ನಿಬ್ಲೊ ಎಂಬ ಅಮೆರಿಕನ್ ಅಧಿಕಾರಿ ಜೋಡಿ ಕುಣಿತ ಕಲಿಸತೊಡಗಿದ್ದ. ಜಪಾನಿನ ಬಾಯ್ ಸ್ಕೌಟ್ಸ್ ತನ್ನ ಎಲ್ಲ ವಿಭಾಗಗಳ ಬಾಗಿಲನ್ನು ಹುಡುಗಿಯರಿಗೆ ತೆರೆದದ್ದು 1995ರಲ್ಲಿ. ಅಷ್ಟರೊಳಗೆ ಶಿಬಿರಾಗ್ನಿಯ ಸುತ್ತ ಕೈಕೈ ಹಿಡಿದು ‘ಒಕ್ಲಹೋಮಾ ಮಿಕ್ಸರ್’ ಕುಣಿಯುವುದು ಜಪಾನಿನ ಶಾಲಾ ಸಂಪ್ರದಾಯವೇ ಆಗಿಹೋಗಿತ್ತು. ಅಂದರೆ, ಸಂಜೆ ಏಳಕ್ಕೆ ಕೈ ಹಿಡಿಯದಿದ್ದರೆ ಮೇಷ್ಟ್ರು ಗದರುತ್ತಾರೆ. ರಾತ್ರಿ ಒಂಬತ್ತೂವರೆಗೆ ಎದುರು ಕೊಠಡಿಗೆ ಟಾರ್ಚ್ ಕೇಳಲು ಹೋದರೂ ಅದೇ ಮೇಷ್ಟ್ರು ಗದರುತ್ತಾರೆ. ವಿರೋಧ ಸ್ಪಷ್ಟ. ಪರಿಹಾರವೂ ಸ್ಪಷ್ಟ: ವೇಳಾಪಟ್ಟಿಯಲ್ಲಿ ಬರೆದದ್ದು ಶಿಸ್ತು, ಬರೆಯದೆ ಮಾಡಿದ್ದು ಅಶಿಸ್ತು. ಮೇಲ್ವಿಚಾರಣೆ ಎಂಬುದು ಮಕ್ಕಳನ್ನು ಕಾಯುವ ವ್ರತವಲ್ಲ, ವೇಳಾಪಟ್ಟಿಯನ್ನು ಕಾಯುವ ವ್ರತ. ಇದೇ ಸಿದ್ಧಾಂತ.

ಸಿದ್ಧಾಂತಕ್ಕೆ ಸಾಧಕವಾಗಿ ‘ಕಿಮೊದಮೆಷಿ’ ಎಂಬ ಧೈರ್ಯಪರೀಕ್ಷೆ ಇದೆ. ಕತ್ತಲ ದಾರಿಯಲ್ಲಿ ಮಕ್ಕಳನ್ನು ಇಬ್ಬಿಬ್ಬರಾಗಿ ಕಳಿಸಿ, ಮೇಲ್ವಿಚಾರಕರು ಬಿಳಿ ಬಟ್ಟೆ ಹೊದ್ದು ಮರದ ಹಿಂದೆ ದೆವ್ವವಾಗಿ ನಿಲ್ಲುತ್ತಾರೆ. ಕೈಯಲ್ಲಿ ಗಾಳದ ಕೋಲು, ಅದರ ತುದಿಗೆ ಒದ್ದೆ ಕೊನ್ಯಾಕು. ನಮ್ಮ ಸುವರ್ಣಗಡ್ಡೆಯ ದಾಯಾದಿ ಗಡ್ಡೆಯಿಂದ ಮಾಡಿದ ಈ ತಣ್ಣನೆ ಲೋಳೆ ಕೆನ್ನೆಗೆ ತಾಗಿದರೆ ಶೋಗುನ್ ಆದರೂ ಚೀರುತ್ತಾನೆ. ಕಾಯಬೇಕಾದವರೇ ಹೆದರಿಸುವುದು ಯಾವ ನ್ಯಾಯ ಎಂದು ಆಕ್ಷೇಪಿಸಬಾರದು, ವೇಳಾಪಟ್ಟಿಯಲ್ಲಿದೆ.

ದೀಪ ಆರಿಸಿದ ಮೇಲಿನ ಗಸ್ತಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಶತ್ರುಗಳು ನೇರ ನುಗ್ಗದಿರಲೆಂದು ಒಕಾಜಾಕಿ ಊರೊಳಗೆ ತೊಕೈದೊ ಹೆದ್ದಾರಿಗೆ 27 ತಿರುವು ಇಟ್ಟಿದ್ದರು. ಶಿಬಿರದ ಪಡಸಾಲೆಗೆ ಅಷ್ಟಿಲ್ಲದಿದ್ದರೂ ಪ್ರತಿ ತಿರುವಿನಲ್ಲೂ ಒಬ್ಬ ಮೇಷ್ಟ್ರು ತೂಕಡಿಸುತ್ತಿರುತ್ತಾರೆ. ದೀಪದ ಆಜ್ಞೆಗೆ ಸೊಪ್ಪು ಹಾಕದವು ಈ ಊರಿನ ಗೆಂಜಿ ಮಿಣುಕುಹುಳುಗಳು ಮಾತ್ರ. ಅವು ಹುಟ್ಟುವ ತಾಣವನ್ನು 1935ರಲ್ಲೇ ರಾಷ್ಟ್ರೀಯ ನಿಸರ್ಗ ಸ್ಮಾರಕವೆಂದು ಸಾರಿರುವುದರಿಂದ ಗದರಿಸುವಂತಿಲ್ಲ.

ಉಳಿದದ್ದು ಬಾಳೆಹಣ್ಣಿನ ಪ್ರಶ್ನೆ. ಪ್ರವಾಸಕ್ಕೆ ತರುವ ತಿಂಡಿಗೆ 300 ಯೆನ್ ಮಿತಿ ಇಟ್ಟ ಕೂಡಲೇ ಜಪಾನಿನ ತರಗತಿಯಲ್ಲಿ ಒಬ್ಬ ಎದ್ದು ‘ಬಾಳೆಹಣ್ಣು ತಿಂಡಿಯ ಲೆಕ್ಕಕ್ಕೆ ಬರುತ್ತಾ ಸರ್?’ ಎಂದು ಕೇಳುವುದು ಅಲ್ಲಿನ ಹಳೆಯ ನಗೆಮಾತು. ತಲೆಮಾರುಗಳಿಂದ ಉತ್ತರವಿಲ್ಲ. ಬಾಳೆಯ ನಾಡಿನವರಾದ ನಾವು ನಿರ್ಣಯಿಸುವುದೇನೆಂದರೆ: ಪಚ್ಚಬಾಳೆ ಊಟದ ಭಾಗ, ಲೆಕ್ಕಕ್ಕಿಲ್ಲ. ಏಲಕ್ಕಿ ಬಾಳೆ ತಿಂಡಿ, ಲೆಕ್ಕಕ್ಕುಂಟು. ನಂಜನಗೂಡು ರಸಬಾಳೆಯನ್ನು ಯಾರಾದರೂ ತಂದಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡು, ರಾತ್ರಿ ಗಸ್ತಿನವರ ಕೊಠಡಿಗೆ ತಲುಪಿಸತಕ್ಕದ್ದು.