ಬೀಟಾ–ಬೆಟ್ಟ ಮೀಮಾಂಸೆ

‘ಬೀಟಾ’ ಎಂಬುದು ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರವೆಂದು ಪಾಶ್ಚಾತ್ಯ ವಿದ್ವಾಂಸರು ಇಂದಿಗೂ ನಂಬಿದ್ದಾರೆ. ಪಾಪ, ಅವರು ಮಧುಗಿರಿ ಕಂಡವರಲ್ಲ. ಊರಿಗೆ ಬಂದು ಕತ್ತೆತ್ತಿದ್ದರೆ ಪದದ ಮೂಲ ‘ಬೆಟ್ಟ’ ಎಂಬುದು ತಾನಾಗಿ ಹೊಳೆಯುತ್ತಿತ್ತು. ಎಕಾರ ಎಳೆದುಕೊಂಡು ಈಕಾರವಾಯಿತು, ಒತ್ತಕ್ಷರ ಸಮುದ್ರ ದಾಟುವಾಗ ನೀರಿಗೆ ಬಿತ್ತು. ಕೊರಟಗೆರೆಯ ಸಿದ್ಧರಬೆಟ್ಟ, ಪಾವಗಡದ ಕೋಟೆ ಬೆಟ್ಟ ಇದಕ್ಕೆ ಸಾಕ್ಷಿ. ಶಿರಾದಲ್ಲಿರುವುದು ನೆಲಕೋಟೆಯಲ್ಲವೇ ಎಂದು ಪೂರ್ವಪಕ್ಷದವರು ಕೊಂಕು ತೆಗೆಯಬಹುದು. ಊರ ಹೆಸರಲ್ಲೇ ಶಿರವಿರುವಾಗ ಬೇರೆ ಶಿಖರ ಯಾಕೆ?

ಇನ್ನು ಪ್ರಕೃತ ವಿಷಯ. ವಿಡಿಯೊ ಗೇಮು ಇನ್ನೂ ಬೇಯುತ್ತಿರುವಾಗಲೇ ಊರಿಗೆಲ್ಲ ಎಲೆ ಹಾಕಿ, “ಉಪ್ಪು ಖಾರ ಸರಿಯಾಗಿದೆಯಾ ನೋಡ್ರಪ್ಪ” ಎನ್ನುವುದಕ್ಕೆ ಪಬ್ಲಿಕ್ ಬೀಟಾ ಎಂದು ಹೆಸರು. ಇದರಿಂದ ಅಡುಗೆ ಸುಧಾರಿಸುತ್ತದೆಯೇ ಎಂಬುದು ಪ್ರಶ್ನೆ. ಇದನ್ನು ಈ ನಾಲ್ಕು ತಾಲ್ಲೂಕುಗಳಲ್ಲೇ ಚರ್ಚಿಸಲು ಶಾಸ್ತ್ರೀಯ ಕಾರಣವಿದೆ. ಶಿಕ್ಷಣ ಇಲಾಖೆ ಇವನ್ನು ತುಮಕೂರಿನಿಂದ ಬಿಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಮಾಡಿದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಬ್ಲಿಕ್ ಪರೀಕ್ಷೆಗೆ ಮೊದಲು ಪ್ರಿಪರೇಟರಿ ಎಂಬ ಬೀಟಾ ಇಲ್ಲಿ ತಪ್ಪದೆ ನಡೆಯುತ್ತದೆ. ವ್ಯತ್ಯಾಸ ಇಷ್ಟೇ: ಪ್ರಿಪರೇಟರಿಯಲ್ಲಿ ಹುಡುಗನ ತಪ್ಪು ಮೇಷ್ಟ್ರು ಹುಡುಕುತ್ತಾರೆ, ಬೀಟಾದಲ್ಲಿ ಮೇಷ್ಟ್ರ ತಪ್ಪು ಹುಡುಗ ಹುಡುಕುತ್ತಾನೆ. ಸಂಬಳ ಮಾತ್ರ ಎರಡು ಕಡೆಯೂ ಮೇಷ್ಟ್ರಿಗೇ.

ಕ್ಷೇತ್ರಕಾರ್ಯಕ್ಕೆ ಬರೋಣ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್‌ಜಿ ಮೊಬೈಲ್ ಹೋಯಿತು, ಅರಳಿಕಟ್ಟೆಗಳು ಅನಾಥವಾದವು. ಮರುವರ್ಷ ಜೂನ್ 17ಕ್ಕೆ ಅದೇ ಆಟ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂದು ಮರುನಾಮಕರಣಗೊಂಡು ಬೀಟಾಕ್ಕೆ ಬಂತು. ಪ್ರವೇಶಕ್ಕೆ ನೂಕುನುಗ್ಗಲು, ನೋಡನೋಡುತ್ತ ಸೀಟು ಭರ್ತಿ. ಶಾಲೆ ಮುಚ್ಚಿತ್ತು. ಎಸ್ಸೆಸ್ಸೆಲ್ಸಿ ಸಹ ಆ ವರ್ಷ ಹೊಸ ಆವೃತ್ತಿಯಲ್ಲಿ ಬಿಡುಗಡೆಯಾಗುವುದಿತ್ತು: ಜುಲೈ 19 ಮತ್ತು 22, ಎರಡೇ ದಿನ, ಬರೀ ಬಹು ಆಯ್ಕೆ. ಅದಕ್ಕೆ ಓದಬೇಕಿದ್ದ ನನ್ನ ಅಕ್ಕನ ಮಗ ನನ್ನ ಪ್ರಧಾನ ಸಂಶೋಧನಾ ಸಹಾಯಕ.

ಮೂರನೇ ದಿನ ಅವನು ಮಹತ್ವದ ಶೋಧವೊಂದನ್ನು ಹೊತ್ತು ತಂದ. “ಮಾವ, ಗುಂಡು ಹೊಡುದ್ರೆ ರಕ್ತ ಹಸ್ರುಗೆ ಬತ್ತೈತೆ. ಬಗ್ ಅಂತ ಬರ್ದು ಕಳ್ಸ್ಲಾ?”

ಅದು ದೋಷವಾಗಿರಲಿಲ್ಲ, ನೀತಿಯಾಗಿತ್ತು. ಮಕ್ಕಳ ಮನಸ್ಸು ಕೆಡಬಾರದೆಂದು ರಕ್ತಕ್ಕೆ ಸೊಪ್ಪಿನ ಬಣ್ಣ ಬಳಿದಿದ್ದರು. ಜನ ಹೇಳಿದ್ದೆಲ್ಲ ದೋಷವಲ್ಲ, ದೋಷವೆಲ್ಲ ಜನರ ಕಣ್ಣಿಗೆ ಬೀಳುವುದೂ ಇಲ್ಲ. ಸಾವಿರಾರು ದೂರುಗಳ ರಾಶಿಯಲ್ಲಿ ಕಾಳು ಯಾವುದು ಜೊಳ್ಳು ಯಾವುದು ಎಂದು ತೂರುವವನು ಬೇಕು.

ಆದರೂ ಕಟ್ಟೆಯ ಉಪಯೋಗವನ್ನು ಅಲ್ಲಗಳೆಯಲಾಗದು. ತಯಾರಕರ ಕಚೇರಿಯಲ್ಲಿ ಒಳ್ಳೊಳ್ಳೆ ಫೋನಿದೆ, ವೈಫೈ ಇದೆ, ಏಸಿಯೂ ಇದೆ. ಪಾವಗಡದ ಏಪ್ರಿಲ್ ಬಿಸಿಲಿಲ್ಲ. 2,050 ಮೆಗಾವಾಟ್ ಸೋಲಾರ್ ಪಾರ್ಕಿಗೆ ಕರೆಂಟು ಕೊಡುವ ಅದೇ ಬಿಸಿಲಿನಲ್ಲಿ, ಗೀರುಬಿದ್ದ ಹಳೇ ಫೋನು ದೋಸೆ ಹಂಚಾಗಿ, ಆಟ ತಡೆತಡೆದು, ಕೊನೆಗೆ ಕಪ್ಪು ಪರದೆ ತೋರಿಸಿ ಮಲಗುವುದನ್ನು ಯಾವ ಎಂಜಿನಿಯರೂ ಕೂತಲ್ಲೇ ಊಹಿಸಲಾರ. ಬೀಟಾದ ನಿಜವಾದ ಬೆಲೆ ಇದು: ಬಗೆಬಗೆಯ ಫೋನು, ಬಗೆಬಗೆಯ ಸಿಗ್ನಲ್ಲು, ಒಮ್ಮೆಗೇ ಸರ್ವರ್ ಮೇಲೆ ಬೀಳುವ ಜನ.

ಪತ್ತೆಯಾದದ್ದನ್ನು ಸರಿಪಡಿಸಲು ಪುರುಸೊತ್ತು ಎಷ್ಟಿತ್ತು? ವಿದ್ವಾಂಸರು ಎಡವುವುದು ಇಲ್ಲೇ. ನಮ್ಮ ಹುಡುಗರ ಆಟ 15 ದಿನಕ್ಕೆ, ಜುಲೈ 2ರಂದು, ಅಧಿಕೃತವಾಗಿ ಬಿಡುಗಡೆಯಾಯಿತು. ಅದು ಹಳೇ ಸಾರಿಗೆ ಹೊಸ ಒಗ್ಗರಣೆಯಾದ್ದರಿಂದ ನಡೆದುಹೋಯಿತು. ಅಮೆರಿಕದ ಫಾಲ್‌ಔಟ್ 76 ಹೊಸ ಅಡುಗೆ. ಅದರ ಬೀಟಾ ಶುರುವಾದದ್ದು 2018ರ ಅಕ್ಟೋಬರ್ 23, ಬಿಡುಗಡೆ ನವೆಂಬರ್ 14. ಅದೂ ಮುಂಗಡ ದುಡ್ಡು ಕಟ್ಟಿದವರಿಗೆ ಮಾತ್ರ ಪ್ರವೇಶ. ಕಂಪ್ಯೂಟರಿನಲ್ಲಿ ಆಡಲು ಕೂತ ಕೆಲವರಿಗೆ, ಇಳಿಸಿಕೊಂಡಿದ್ದ ಸುಮಾರು 50 ಜಿಬಿ ಅಳಿಸಿಹೋಗಿ ಮೊದಲಿನಿಂದ ಇಳಿಸಿಕೊಳ್ಳುವ ಯೋಗ ಬಂತು. ಮೂರು ವಾರದಲ್ಲಿ ಯಾವ ಅಡಿಪಾಯ ಬದಲಾದೀತು? ಆಟ ದೋಷಸಮೇತ ಹೊರಬಂದು ಬೈಗುಳ ತಿಂದಿತು. ಪ್ರಿಪರೇಟರಿ ಪತ್ರಿಕೆ ಪಬ್ಲಿಕ್ ಪರೀಕ್ಷೆಯ ಹಿಂದಿನ ಸಂಜೆ ಕೈಗೆ ಬಂದರೆ ಆಗುವ ಪ್ರಯೋಜನ ಅಷ್ಟೇ.

ತದ್ವಿರುದ್ಧ ಉದಾಹರಣೆ ಬಾಲ್ಡರ್ಸ್ ಗೇಟ್ 3. ಹೆಸರಲ್ಲೇ ಬಾಗಿಲಿರುವುದರಿಂದ ಇದು ಕೋಟೆಗೆ ಸಂಬಂಧಿಸಿದ್ದೆಂಬುದರಲ್ಲಿ ಸಂಶಯವಿಲ್ಲ. 2020ರ ಅಕ್ಟೋಬರಿನಲ್ಲಿ ಮೊದಲ ಅಂಕವನ್ನಷ್ಟೇ ಜನರ ಕೈಗಿತ್ತು, 2023ರ ಆಗಸ್ಟ್‌ವರೆಗೆ ಅದನ್ನು ಉಜ್ಜಿದರು. ಮೊದಲ ಅಂಕ ಥಳಥಳ ಹೊಳೆಯಿತು. ಜನ ಮುಟ್ಟಿಯೇ ಇರದ ಮೂರನೆಯ ಅಂಕದಲ್ಲಿ ಮಾತ್ರ ಆಟ ತಡವರಿಸುತ್ತದೆ, ದೋಷ ಹೆಚ್ಚು ಎಂದು ದೂರುಗಳು ಬಂದವು.

ಇಲ್ಲಿ ನನ್ನ ವ್ಯುತ್ಪತ್ತಿ ಸಿದ್ಧವಾಗುತ್ತದೆ. ಮಧುಗಿರಿ ಬೆಟ್ಟ ಒಂದೇ ಕಲ್ಲು, ಸಮುದ್ರಮಟ್ಟದಿಂದ 3,930 ಅಡಿ. ಕೆಳಗಿನ ಮೆಟ್ಟಿಲನ್ನು ಭಾನುವಾರದ ಜನವೆಲ್ಲ ಹತ್ತಿ ತಿಕ್ಕಿದ್ದಾರೆ. ಮೇಲೆ ಹೋದಂತೆ ಮೆಟ್ಟಿಲು ಹೋಗಿ ಬಂಡೆಯಲ್ಲಿ ಕಾಲೂರಲು ಕಡಿದ ಗುಳಿಗಳಷ್ಟೇ ಉಳಿಯುತ್ತವೆ ಎಂದು ನನ್ನ ಸಹಾಯಕ ಹೇಳುತ್ತಾನೆ. ನಾನು ಅರ್ಧದಲ್ಲೇ ಕೂತು ಕಡ್ಲೆಕಾಯಿ ಬಿಡಿಸಿ ಇಳಿದು ಬಂದವನು. ತುದಿ ಮುಟ್ಟಿದ ಓದುಗರು ಯಾರಾದರೂ ಇದ್ದರೆ, ಅಲ್ಲಿ ಹೇಗಿದೆ ಎಂದು ದಯವಿಟ್ಟು ಒಂದು ಸಾಲು ಬರೆದು ತಿಳಿಸಿ.