ನಿಂತಲ್ಲೇ ಸೊನ್ನೆ

ನಮ್ಮ ಮನೆಯಲ್ಲಿ ಮೈನಸ್ಸಿಗೆ ಎಂದೂ ಬರಗಾಲ ಬಂದದ್ದಿಲ್ಲ. ಪಾಸ್‌ಬುಕ್ಕಿನಲ್ಲಿ ಉಂಟು, ನನ್ನ ಕನ್ನಡಕದಲ್ಲಿ ಉಂಟು, ಹೆಂಡತಿ ನನಗೆ ಕೊಡುವ ಮಾರ್ಕಿನಲ್ಲಂತೂ ಧಾರಾಳ ಉಂಟು. ಅಮ್ಮನ ಭಜನೆಯ ಮೈಕಿಗೆ ಬೇಕಾಯಿತು ನೋಡಿ, ಆಗ ಕಾಪುವಿನಿಂದ ಉಡುಪಿಯವರೆಗೆ ಹುಡುಕಿದರೂ ಒಂದು ಸಿಗಲಿಲ್ಲ.

ಆಟಿ ತಿಂಗಳ ಗಾಳಿಮಳೆಗೆ ಕರೆಂಟು ಹೋದರೂ ಭಜನೆ ನಿಲ್ಲಬಾರದು, ಹಳೆಯ ಕಾರಿನ 12 ವೋಲ್ಟ್ ಬ್ಯಾಟರಿಯಲ್ಲೇ ಮೈಕ್ ಓಡಿಸುತ್ತೇನೆ ಎಂದು ಊಟದ ಹೊತ್ತಿಗೆ ಘೋಷಿಸಿದ್ದೆ. ಯಾರೂ ಕೇಳಿರಲಿಲ್ಲ. ಮೈಕಿನ ಪ್ರಿ-ಆಂಪ್ಲಿಫಯರಿನೊಳಗೆ 4558 ಐಸಿ ಕೂತಿತ್ತು. ಅದಕ್ಕೆ ಪ್ಲಸ್ಸೂ ಬೇಕು, ಮೈನಸ್ಸೂ ಬೇಕು. ಧ್ವನಿಯ ಅಲೆ ಸೊನ್ನೆಯ ಮೇಲೂ ಕೆಳಗೂ ಜಿಗಿಯುವಂಥದ್ದು, ಕೆಳಗೆ ಜಾಗ ಕೊಡದಿದ್ದರೆ ಅಮ್ಮನ ಅರ್ಧ ದನಿ ಕತ್ತರಿಸಿಹೋಗುತ್ತದೆ.

"ಬ್ಯಾಟರಿಗೇ ಒಂದು ಮೈನಸ್ ಉಂಟಲ್ಲ, ಕಪ್ಪು ವಯರಿನದ್ದು?" ಎಂದಳು ಕಾರ್ಕಳದ ಮಗಳಾದ ನನ್ನ ಹೆಂಡತಿ.

"ಅದು ಮೈನಸ್ ಅಲ್ಲ, ಸೊನ್ನೆ."

"ಮೈನಸ್ ಅಂತ ಬರೆದದ್ದು ಉಂಟಲ್ಲ ಮಾರಾಯ್ರೆ!"

ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಕ್ಕೀತೆ? 1901ರಲ್ಲಿ ಕಟ್ಟಿದ ನಮ್ಮ ಕಾಪು ದೀಪಸ್ತಂಭವನ್ನೇ ಹಿಡಿದುಕೊಂಡೆ. "ನಡುಮೆಟ್ಟಿಲಲ್ಲಿ ನಿಂತು ಅದನ್ನೇ ಸೊನ್ನೆ ಎಂದುಕೋ. ಮೇಲಿನದೆಲ್ಲ ಪ್ಲಸ್, ಕೆಳಗಿನದೆಲ್ಲ ಮೈನಸ್."

"ಹಾಗಾದರೆ ನೀವು ನಿಂತಲ್ಲೇ ಸೊನ್ನೆ."

ಮುಂದಿನದು ವಿಜ್ಞಾನ. ಎರಡು 10 ಕಿಲೋಓಮ್ ರೆಸಿಸ್ಟರ್ ಸಾಲಾಗಿ ಇಟ್ಟು ನಡುವಿನಿಂದ ತಂತಿ ಎಳೆದೆ: ಪ್ಲಸ್ 6, ಮೈನಸ್ 6. ಮೀಟರಿನಲ್ಲಿ ನೋಡಲು ಬಹಳ ಚಂದ. ಒಂದು ಬದಿಗೆ ಹೊರೆ ಹೆಚ್ಚಾದದ್ದೇ ತಡ, ನಡುಬಿಂದು ಆ ಬದಿಗೇ ವಾಲಿತು.

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಮಗ ಫೋನಿನಲ್ಲೇ ನಕ್ಕ. "7660 ಹಾಕಿ ಅಪ್ಪ, ಎರಡು ಕೆಪಾಸಿಟರ್ ಸಾಕು." ಆ ಐಸಿ ಮಾಡುವ ಕೆಲಸ ನಿಜಕ್ಕೂ ಕಿಲಾಡಿಯದ್ದು. ಒಂದು ಕೆಪಾಸಿಟರನ್ನು ಬ್ಯಾಟರಿಯಿಂದ ತುಂಬಿಸುತ್ತದೆ, ಬಿಡಿಸಿ ತಲೆಕೆಳಗು ಮಾಡುತ್ತದೆ, ಪ್ಲಸ್ ಕಾಲನ್ನು ಸೊನ್ನೆಗೆ ಕಟ್ಟುತ್ತದೆ. ಇನ್ನೊಂದು ಕಾಲು ಸೊನ್ನೆಗಿಂತ ಕೆಳಗೆ ಇಳಿಯಲೇಬೇಕು. ಅದನ್ನು ಎರಡನೆಯ ಕೆಪಾಸಿಟರಿಗೆ ಸುರಿದರೆ ಮೈನಸ್ ತಯಾರು. 10 ವೋಲ್ಟಿನ ಮೇಲೆ ತಾಳುವುದಿಲ್ಲವೆಂದು ಮುಂದೆ ಒಂದು 7809 ರೆಗ್ಯುಲೇಟರನ್ನೂ ಕಾವಲಿಗೆ ನಿಲ್ಲಿಸಿದೆ.

ಭಜನೆ ಶುರುವಾಯಿತು. ಅಮ್ಮ ಬಾಯಿ ತೆರೆಯುವ ಮೊದಲೇ ಸ್ಪೀಕರು ಕುಂಯ್ ಎಂದು ಹಾಡತೊಡಗಿತು. 7660ರ ಒಳಗಿನ ಮಿಡಿತ ಸೆಕೆಂಡಿಗೆ ಸುಮಾರು 10,000, ಕೆಪಾಸಿಟರ್ ಮಗುಚುವುದು ಅದರ ಅರ್ಧ ವೇಗದಲ್ಲಿ. ಎರಡೂ ಮನುಷ್ಯರ ಕಿವಿಗೆ ಕೇಳುವಂಥವೇ.

"ಎಂತ ಮಗಾ, ಜೀರುಂಡೆ ಒಳಗೆ ಬಂತಾ?" ಎಂದರು ಅಮ್ಮ. ಭಜನೆಗೆ ಬಂದಿದ್ದ ಹೆಂಗಸರೆಲ್ಲ ಮಂಚದ ಕೆಳಗೆ ಟಾರ್ಚ್ ಬಿಟ್ಟು ಹುಡುಕಿದರು. ನಾನೂ ಹುಡುಕಿದೆ, ಗೌರವದ ಪ್ರಶ್ನೆ.

ಹೆಂಡತಿ ಕಪಾಟಿನಿಂದ ಎರಡು 9 ವೋಲ್ಟ್ ಬ್ಯಾಟರಿ ತಂದಿಟ್ಟಳು. "ಇದನ್ನು ಒಂದರ ಮೇಲೊಂದು ಕೂಡಿಸಿ. ನಡುವೆ ನಿಂತರೆ ಸೊನ್ನೆ ಅಂತ ನೀವೇ ಹೇಳಿದ್ದಲ್ಲವಾ?"

ಪ್ಲಸ್ 9, ಮೈನಸ್ 9. ಜೀರುಂಡೆ ಇಲ್ಲ. 4558 ತಿನ್ನುವುದೂ ಕೆಲವೇ ಮಿಲಿಆಂಪಿಯರ್. ಪಾಠ ನನ್ನದಾದ್ದರಿಂದ ಕೀರ್ತಿಯೂ ನನ್ನದೇ ಎಂದೆ, ಯಾರೂ ಒಪ್ಪಲಿಲ್ಲ.

ನೀವೂ ಮಾಡುವುದಿದ್ದರೆ ಎರಡೂ ಬ್ಯಾಟರಿಯನ್ನು ಒಟ್ಟಿಗೆ ಕಡಿಯುವ ಜೋಡಿ ಸ್ವಿಚ್ಚನ್ನೇ ಹಾಕಿ. ಒಂದೇ ಬದಿ ಕಡಿದರೆ ಇನ್ನೊಂದು ಬ್ಯಾಟರಿ ಸದ್ದಿಲ್ಲದೆ ಖಾಲಿಯಾಗುತ್ತದೆ.