ರಾಹುವಿನ ಉಪಕಾರ

ದಿನಕ್ಕೆ ಒಂದೂವರೆ ಗಂಟೆ ಏನನ್ನೂ ಶುರುಮಾಡದೆ ಕೂರಬಹುದು, ಅದಕ್ಕೆ ಯಾರಿಗೂ ಸಬೂಬು ಹೇಳಬೇಕಾಗಿಲ್ಲ. ಈ ಸವಲತ್ತನ್ನು ಯಾವ ಕಾರ್ಮಿಕ ಸಂಘವೂ ಹೋರಾಡಿ ಗಳಿಸಿದ್ದಲ್ಲ, ರಾಹು ತಾನಾಗಿ ಕೊಟ್ಟದ್ದು. ಅದೂ ಭಾನುವಾರ ಸೇರಿ ವಾರದ ಏಳೂ ದಿನ. ಕೊಟ್ಟವನ ಸ್ಥಿತಿಯನ್ನು ನೆನೆದರೆ ಈ ಔದಾರ್ಯ ಇನ್ನೂ ದೊಡ್ಡದೆನಿಸುತ್ತದೆ. ಸಮುದ್ರಮಥನವಾದ ಮೇಲೆ ದೇವತೆಗಳ ಪಂಕ್ತಿಯಲ್ಲಿ ಕದ್ದು ಕೂತು ಅಮೃತ ಕುಡಿದ, ಸೂರ್ಯ ಚಂದ್ರರು ಚಾಡಿ ಹೇಳಿದರು, ಮೋಹಿನಿಯಾಗಿದ್ದ ವಿಷ್ಣು ಚಕ್ರ ಬೀಸಿದ. ಅಂದಿನಿಂದ ರಾಹುವಿಗೆ ಇರುವುದು ತಲೆಯೊಂದೇ. ಕೈಕಾಲು ನೆಟ್ಟಗಿರುವ ಕೋಟ್ಯಂತರ ಜನ ಕೈಕಟ್ಟಿ ಕೂರುವ ಏರ್ಪಾಟನ್ನು ಮುಂಡವಿಲ್ಲದ ಒಂದು ತಲೆ ಮಾಡಿಕೊಟ್ಟಿದೆ. ತಲೆ ಅಂದರೆ ಅದು.

ಸೋಮವಾರ ಬೆಳಗ್ಗೆ 7.30ರಿಂದ 9, ಬುಧವಾರ ಮಧ್ಯಾಹ್ನ 12ರಿಂದ 1.30, ಭಾನುವಾರ ಸಂಜೆ 4.30ರಿಂದ 6. ಮಗ್ಗಿ ಮರೆತವರಿಗೂ ಈ ಪಟ್ಟಿ ಬಾಯಿಪಾಠ. ಇದನ್ನೂ ಮರೆತರೆ ಅಡುಗೆಮನೆ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದ್ದೇ ಇದೆ, ಹಾಲಿನ ಲೆಕ್ಕದ ಗೀಟುಗಳ ನಡುವೆ ಹುಡುಕಿಕೊಂಡರಾಯಿತು.

ಇದರಲ್ಲಿ ಅಡಗಿರುವ ಸೂಕ್ಷ್ಮವನ್ನು ಮೆಚ್ಚಲೇಬೇಕು. ರಾಹುಕಾಲದಲ್ಲಿ ಕೆಲಸ ಶುರುಮಾಡಬಾರದು ಎಂದಿದೆಯೇ ಹೊರತು, ಶುರುವಾದದ್ದನ್ನು ನಿಲ್ಲಿಸಬೇಕೆಂದು ಎಲ್ಲೂ ಹೇಳಿಲ್ಲ. ಆದ್ದರಿಂದ ಮೊದಲೇ ಶುರುವಾದ ನಿದ್ದೆ ಮುಂದುವರಿಯಬಹುದು, ಹರಟೆ ಮುಂದುವರಿಯಬಹುದು, ಅತ್ತೆ ಸೊಸೆಯರ ಮುನಿಸು ಮುಂದುವರಿಯಬಹುದು. ಬೆಳಗ್ಗೆ ಕೈಗೆತ್ತಿಕೊಂಡ ಮೊಬೈಲನ್ನು ರಾಹು ಬಂದನೆಂದು ಕೆಳಗಿಟ್ಟವರನ್ನು ಯಾರೂ ಕಂಡಿಲ್ಲ, ಇಡಬೇಕಾದ ಅಗತ್ಯವೂ ಇಲ್ಲ. ಶಾಸ್ತ್ರದ ತಡೆ ಇರುವುದು ಹೊಸ ಉದ್ಯೋಗಕ್ಕೆ, ಹೊಸ ಮಾತುಕತೆಗೆ, ಹೊಸ ಆಲೋಚನೆಗೆ. ಇವುಗಳಿಂದ ಮನುಷ್ಯಕುಲಕ್ಕೆ ಆಗಿರುವ ತೊಂದರೆ ಗೊತ್ತಿದ್ದವರು ಇದನ್ನು ತಪ್ಪೆನ್ನಲಾರರು.

ಲೆಕ್ಕ ಹಾಕಿ ನೋಡಿ. 24 ಗಂಟೆಯಲ್ಲಿ ಒಂದೂವರೆ ಗಂಟೆ ಎಂದರೆ ಹದಿನಾರರಲ್ಲಿ ಒಂದು ಪಾಲು. 80 ವರ್ಷ ಬದುಕಿದವನಿಗೆ ರಾಹುವೊಬ್ಬನೇ 5 ವರ್ಷ ಬಿಡುವು ಕೊಡುತ್ತಾನೆ, ವಿಧಾನಸಭೆಯ ಪೂರ್ತಿ ಒಂದು ಅವಧಿ. ಅಷ್ಟೇ ಉದ್ದದ ಯಮಗಂಡಕಾಲ, ಗುಳಿಕಕಾಲಗಳೂ ದಿನವೂ ಇವೆ. ಮೂರನ್ನೂ ಕೂಡಿದರೆ ಆಯುಸ್ಸಿನಲ್ಲಿ 15 ವರ್ಷ. ಬದುಕು ಚಿಕ್ಕದು ಎಂದು ಕೊರಗಿದ ತತ್ವಜ್ಞಾನಿಗಳು ಬೇರೆ ದೇಶಗಳಲ್ಲಿ ಬೇಕಾದಷ್ಟು ಆಗಿಹೋಗಿದ್ದಾರೆ. ಪಾಪ, ಅವರ ಬಳಿ ಪಂಚಾಂಗವಿರಲಿಲ್ಲ.

ಗುಳಿಕನ ಬಗ್ಗೆ ಒಂದು ಮಾತು. ಗುಳಿಕಕಾಲದಲ್ಲಿ ಮಾಡಿದ ಕೆಲಸ ಮತ್ತೆ ಮತ್ತೆ ಮಾಡಬೇಕಾಗಿ ಬರುತ್ತದೆ ಎಂಬ ನಂಬಿಕೆಯಿದೆ. ಅದಕ್ಕೇ ಆ ಹೊತ್ತಿನಲ್ಲಿ ಹೆಣ ಎತ್ತುವುದಿಲ್ಲ, ಚಿನ್ನವನ್ನಾದರೆ ಕೊಳ್ಳುತ್ತಾರೆ. ನಮ್ಮೂರುಗಳ ರಸ್ತೆಗೆ ಡಾಂಬರು ಹಾಕುವವರು ಮುಹೂರ್ತ ಇಡುವುದೂ ಇದೇ ಕಾಲದಲ್ಲಿ ಇರಬೇಕು.

ಮಂಗಳವಾರದ ಸೊಗಸೇ ಬೇರೆ. ಅಂದು 9ರಿಂದ 10.30 ಯಮಗಂಡ, 12ರಿಂದ 1.30 ಗುಳಿಕ, 3ರಿಂದ 4.30 ರಾಹು. ಕಚೇರಿ 10 ಗಂಟೆಗೆ ತೆರೆಯುತ್ತದೆ. 10.30ರವರೆಗೆ ಯಮ ಬಿಡುವುದಿಲ್ಲ. ಆಮೇಲೆ ಒಂದು ಕಾಫಿ. 12ಕ್ಕೆ ಗುಳಿಕ. 1.30ಕ್ಕೆ ಕಾಲ ಶುದ್ಧವಾಗುತ್ತದೆ, ಆದರೆ ಅದು ಊಟದ ಹೊತ್ತು. ಊಟ ಮುಗಿಸಿ, ಎಲೆಯಡಿಕೆ ಹಾಕಿ ಕುರ್ಚಿಗೆ ಬರುವಷ್ಟರಲ್ಲಿ ರಾಹು ಬಂದು ಕೂತಿರುತ್ತಾನೆ. 4.30ಕ್ಕೆ ಅವನು ಎದ್ದ ಮೇಲೆ ಫೈಲು ಬಿಚ್ಚಬಹುದು. ಆದರೆ ಮಂಗಳವಾರ ಹೊಸದಾಗಿ ಏನನ್ನೂ ಹಿಡಿಯಬಾರದೆಂದು ಮನೆಯಲ್ಲಿ ಹಿರಿಯರು ಹೇಳಿಕೊಟ್ಟಿದ್ದಾರೆ. ಹಿರಿಯರ ಮಾತು ಮೀರುವ ಗುಮಾಸ್ತನನ್ನು ಯಾವ ಸರ್ಕಾರ ತಾನೇ ನಂಬೀತು?

ದಿನಗಳ ಲೆಕ್ಕ ಇಷ್ಟಾದರೆ ಮೇಲೆ ತಿಂಗಳುಗಳಿವೆ: ಆಷಾಢ, ಪಿತೃಪಕ್ಷ, ಧನುರ್ಮಾಸ, ಎರಡೂ ಮುಕ್ಕಾಲು ವರ್ಷಕ್ಕೊಮ್ಮೆ ಬರುವ ಅಧಿಕಮಾಸ, ನಡುನಡುವೆ ಗುರು ಶುಕ್ರರು ಅಸ್ತವಾಗುವ ದಿನಗಳು. ಆಷಾಢದಲ್ಲಿ ಮದುವೆಯಾಗುವಂತಿಲ್ಲ, ಮದುವೆಗೆ ಬೇಕಾದ ಸೀರೆಯನ್ನು ಆಷಾಢದ ರಿಯಾಯಿತಿಯಲ್ಲಿ ಕೊಳ್ಳಬಹುದು. ಅಂಗಡಿಯವರೂ ಶಾಸ್ತ್ರ ಬಲ್ಲವರೇ.

ಒಳ್ಳೆಯ ಕಾಲ ಹಿಡಿದು ಹೊರಟವರಿಗೆ ಸಿಗುವ ಫಲಕ್ಕೆ ಚುನಾವಣೆಗಿಂತ ದೊಡ್ಡ ಸಾಕ್ಷಿ ಬೇಡ. ನಾಮಪತ್ರ ಸಲ್ಲಿಸಲು ಆಯೋಗ ಕೊಡುವುದು ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ. ಗುರುವಾರವಾದರೆ ಅದರಲ್ಲಿ ಕೊನೆಯ ಒಂದೂವರೆ ಗಂಟೆ ರಾಹು ನುಂಗುತ್ತಾನೆ. ಉಳಿದದ್ದರಲ್ಲಿ ಜ್ಯೋತಿಷಿಗಳು ಆರಿಸಿಕೊಟ್ಟ ನಿಮಿಷಕ್ಕೆ ಸರಿಯಾಗಿ, ಜೇಬಿನಲ್ಲಿ ನಿಂಬೆಹಣ್ಣಿಟ್ಟುಕೊಂಡು, ಎಲ್ಲ ಪಕ್ಷದವರೂ ಒಳಗೆ ನುಗ್ಗುತ್ತಾರೆ. ಒಂದು ಕ್ಷೇತ್ರದಲ್ಲಿ ಹನ್ನೆರಡು ಜನ ನಿಂತರೆ ಹನ್ನೊಂದು ಜನ ಶುಭಮುಹೂರ್ತದಲ್ಲೇ ಸೋಲುತ್ತಾರೆ. ಚಲಾಯಿತ ಮತಗಳ ಆರನೇ ಒಂದು ಪಾಲೂ ಬಾರದೆ ಹಲವರ ಠೇವಣಿಯೂ ಹೋಗುತ್ತದೆ. ಇವರು ರಾಹುಕಾಲದಲ್ಲಿ ಸಲ್ಲಿಸಿದ್ದರೆ ಗತಿ ಏನಾಗುತ್ತಿತ್ತೋ, ಊಹಿಸಲೂ ಭಯವಾಗುತ್ತದೆ.

ಮಂಗಳವಾರ, ಶುಕ್ರವಾರಗಳ ರಾಹುಕಾಲದಲ್ಲಿ ಬೆಂಗಳೂರಿನ ಬನಶಂಕರಿ ದೇವಸ್ಥಾನಕ್ಕೆ ಹೋದವರು ಬೇರೆಯೇ ನೋಟ ಕಾಣುತ್ತಾರೆ. ನಿಂಬೆಹಣ್ಣಿನ ಸಿಪ್ಪೆಯನ್ನು ಹಣತೆಯಂತೆ ಮಗುಚಿ ದೀಪ ಹಚ್ಚಲು ಹೆಂಗಸರು ಸಾಲುಗಟ್ಟಿರುತ್ತಾರೆ. ಗಂಡಸರು ಹೆದರಿ ಕೂತ ಹೊತ್ತಿನಲ್ಲೇ ಇವರು ಮನೆಗೆಲಸ ಮುಗಿಸಿ, ಬಸ್ಸು ಹಿಡಿದು, ಇಲ್ಲಿಗೆ ಬಂದಿದ್ದಾರೆ. ರಾಹು ಕೊಟ್ಟ ಬಿಡುವನ್ನು ಹೀಗೆ ದುರುಪಯೋಗ ಮಾಡಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆಯನ್ನು ಅವರ ಮುಂದೆ ಎತ್ತುವ ಧೈರ್ಯ ನನಗಿಲ್ಲ.

ವಿಜ್ಞಾನಿಗಳಿಗೂ ಪಾಠವಾಗಿದೆ. ಚಂದ್ರಯಾನ-2 ಹಾರಿದ್ದು 2019ರ ಜುಲೈ 22ರಂದು, ಚಂದ್ರಯಾನ-3 ಹಾರಿದ್ದು 2023ರ ಜುಲೈ 14ರಂದು. ಎರಡೂ ಆಷಾಢ ಬಹುಳದಲ್ಲಿ. ಹೊರಟದ್ದಾದರೂ ಯಾರ ಮನೆಗೆ? ಅಂದು ಚಾಡಿ ಹೇಳಿದ ಅದೇ ಚಂದ್ರನ ಮನೆಗೆ! ಮೊದಲನೆಯ ಲ್ಯಾಂಡರ್ ಸೆಪ್ಟೆಂಬರ್ 7ರಂದು, ಗಣೇಶನ ಹಬ್ಬವಾಗಿ ಐದನೇ ದಿನಕ್ಕೆ, ಶುದ್ಧ ಭಾದ್ರಪದದಲ್ಲಿ ಕೆಡೆದು ಬಿತ್ತು. ತಪ್ಪು ಮಾತ್ರ ಆಷಾಢದ್ದು. ಎರಡನೆಯದು ಆಗಸ್ಟ್ 23ರ ಸಂಜೆ 6.04ಕ್ಕೆ ಸುಖವಾಗಿ ಇಳಿಯಿತು. ಆಗ ಶ್ರಾವಣವಾದ್ದರಿಂದ ಅದು ಶ್ರಾವಣದ ಪುಣ್ಯ. ಬಿದ್ದದ್ದಕ್ಕೆ ಹೊರಟ ತಿಂಗಳು, ಇಳಿದದ್ದಕ್ಕೆ ಮುಟ್ಟಿದ ತಿಂಗಳು: ಇಷ್ಟು ಹದವಾಗಿ ಬಾಗುವ ನಿಯಮವನ್ನು ನ್ಯೂಟನ್ ಕೂಡ ಬರೆಯಲಾಗಲಿಲ್ಲ.

ಇತ್ತೀಚೆಗೆ ಕೆಲವು ಕಿಡಿಗೇಡಿಗಳು ಇನ್ನೊಂದು ತಕರಾರು ತೆಗೆದಿದ್ದಾರೆ. ರಾಹುಕಾಲವೆಂದರೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತಿನ ಎಂಟನೇ ಒಂದು ಪಾಲು. ಕ್ಯಾಲೆಂಡರಿನ ಪಟ್ಟಿ ಸೂರ್ಯ ಎಲ್ಲ ಕಡೆಯೂ 6ಕ್ಕೇ ಹುಟ್ಟುತ್ತಾನೆಂದು ಹಿಡಿದುಕೊಂಡಿದೆ. ಆದರೆ ನಮ್ಮ ಗಡಿಯಾರ ನಡೆಯುವುದು ಪ್ರಯಾಗದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಮೇಲೆ. ಒಂದು ಡಿಗ್ರಿ ಪಶ್ಚಿಮಕ್ಕೆ ಸರಿದರೆ ಸೂರ್ಯ 4 ನಿಮಿಷ ತಡ. ಸರಾಸರಿ ಲೆಕ್ಕದಲ್ಲಿ ಮಂಗಳೂರಿನ ಸೂರ್ಯ ಸುಮಾರು 30 ನಿಮಿಷ ಹಿಂದೆ. ಹಾಗಾಗಿ ಸೋಮವಾರ ರಾಹು ಹೋದನೆಂದು 9.05ಕ್ಕೆ ಅಂಗಡಿ ಪೂಜೆ ಮಾಡುವ ಮಂಗಳೂರಿನವರು ಇಷ್ಟು ವರ್ಷವೂ ಅವನ ತೊಡೆಯ ಮೇಲೇ ಕೂತು ಪೂಜೆ ಮಾಡಿದ್ದಾರೆ ಎಂಬುದು ಇವರ ವಾದ. ರಾಹುವಿಗೆ ತೊಡೆಯಿಲ್ಲ ಎಂಬಲ್ಲಿಗೇ ಈ ವಾದ ಬಿದ್ದುಹೋಗುತ್ತದೆ.

ಆದರೂ ಜಾಗ್ರತೆ ಒಳ್ಳೆಯದು. ಊರೂರಿನ ರಾಹುಕಾಲ ತೋರಿಸುವ ಆ್ಯಪುಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಕ್ಯಾಲೆಂಡರಿನದನ್ನೂ ಆ್ಯಪಿನದನ್ನೂ ಎರಡನ್ನೂ ಪಾಲಿಸಿದರೆ ಮಂಗಳೂರಿನಲ್ಲಿ ಒಂದೂವರೆ ಗಂಟೆಯಿದ್ದದ್ದು ಎರಡು ಗಂಟೆಯಾಗುತ್ತದೆ. ಕಾರವಾರ, ಬೆಳಗಾವಿಯವರಿಗೂ ಹೆಚ್ಚುಕಡಿಮೆ ಅಷ್ಟೇ ಲಾಭ. ಪೂರ್ವಕ್ಕಿರುವ ಕೋಲಾರದವರಿಗೆ ಮಾತ್ರ ಹೆಚ್ಚುವರಿಯಾಗಿ ಸಿಗುವುದು ಸುಮಾರು 17 ನಿಮಿಷ. ಪ್ರಾದೇಶಿಕ ಅಸಮಾನತೆ ಕುರಿತ ನಂಜುಂಡಪ್ಪ ವರದಿಯಲ್ಲಿ ಇದರ ಪ್ರಸ್ತಾಪವೇ ಇಲ್ಲ. ಕೋಲಾರದವರು ಸರ್ಕಾರಕ್ಕೆ ಒಂದು ಮನವಿ ಕೊಡಬೇಕು. ಬುಧವಾರ ಬೇಡ, ಮಧ್ಯಾಹ್ನದ ಹೊತ್ತು ಸರಿಯಿಲ್ಲ.